ಬೂಸಾದಲ್ಲಿ ಬೆಳೆದ ಅಮೈಲೇಸ್

ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಹಿಡಿದದ್ದು ಆಲ್ಫಾ ಅಮೈಲೇಸ್. ಪಿಷ್ಟವನ್ನು ತುಂಡು ಮಾಡುವ ಕಿಣ್ವ ಇದು. ನೇಯುವ ಮೊದಲು ನೂಲಿಗೆ ಹಾಕಿದ ಗಂಜಿಯನ್ನು ಬಟ್ಟೆ ಮಿಲ್ಲುಗಳಲ್ಲಿ ಇದರಿಂದ ತೆಗೆಯುತ್ತಾರೆ. ಇದನ್ನು ಕೊಡುವ ಬ್ಯಾಕ್ಟೀರಿಯಾ ಬೆಳೆಸಲು ದುಬಾರಿ ಮೀಡಿಯಾನೇ (ಅವುಗಳ ಆಹಾರ) ಬೇಕು ಅಂತಿಲ್ಲ. ದನಕ್ಕೆ ಹಾಕುವ ಗೋಧಿ ಬೂಸಾ ಸಾಕು. ಅಂಗಡಿಯಿಂದ ಎರಡು ಕೆಜಿ ತಂದೆ.

ಬ್ಯಾಕ್ಟೀರಿಯಾ ಸಿಕ್ಕಿದ್ದು ಅಕ್ಕಿ ಗಿರಣಿಯ ಹಿಂದಿನ ಮಣ್ಣಲ್ಲಿ. ಮಣ್ಣನ್ನು ನೀರಲ್ಲಿ ಕದಡಿ 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟೆ. ಬೇರೆಯವು ಹೆಚ್ಚಾಗಿ ಸಾಯುತ್ತವೆ, ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರುಗಳು (ಗಟ್ಟಿ ಕವಚದ, ಬೀಜದಂಥ ರೂಪ) ತಡೆದುಕೊಳ್ಳುತ್ತವೆ. ಪಿಷ್ಟ ಬೆರೆಸಿದ ಅಗಾರ್ (ಜೆಲ್ಲಿಯಂಥದ್ದು) ಪ್ಲೇಟಿನಲ್ಲಿ ಬೆಳೆಸಿ, ಮೇಲೆ ಅಯೋಡಿನ್ ಹುಯ್ದೆ. ಪ್ಲೇಟೆಲ್ಲ ಕಡುನೀಲಿ. ಒಂದು ಕಾಲನಿಯ ಸುತ್ತ ಮಾತ್ರ ಅಗಲವಾದ ತಿಳಿ ಉಂಗುರ. ಅಲ್ಲಿ ಪಿಷ್ಟ ಕರಗಿತ್ತು! ಅಯೋಡಿನ್ ತಗುಲಿದ ಕಾಲನಿ ಬದುಕುವುದು ಕಷ್ಟ. ಅದಕ್ಕೇ ಅದೇ ಕಾಲನಿಗಳನ್ನು ಇನ್ನೊಂದು ಪ್ಲೇಟಿನಲ್ಲೂ ಇಟ್ಟುಕೊಂಡಿದ್ದೆ.

ನನ್ನನ್ನು ನಿಜವಾಗಿ ಕಾಡಿದ್ದು ನೀರು. ಬ್ಯಾಕ್ಟೀರಿಯಾಗೆ ಬೂಷ್ಟಿಗಿಂತ ಜಾಸ್ತಿ ತೇವ ಬೇಕು ಅಂತ 10 ಗ್ರಾಂ ಬೂಸಾಗೆ 25 ಮಿಲಿ ಲವಣದ ನೀರು ಹಾಕಿದ್ದೆ. ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಿಂದ ಬಂದದ್ದು ಅಂಟಂಟು ಮುದ್ದೆ. ಒಳಗೆ ಗಾಳಿಯೇ ಆಡಲಿಲ್ಲ, ಮೇಲ್ಪದರದಲ್ಲಷ್ಟೇ ಬೆಳೆಯಿತು. ಮೂರು ಬ್ಯಾಚ್ ಹೀಗೇ ಹೋದವು. ಕೊನೆಗೆ 15 ಮಿಲಿಗೆ ಇಳಿಸಿ, ಒಂದು ಹಿಡಿ ಭತ್ತದ ಹೊಟ್ಟು ಸೇರಿಸಿದೆ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು, ಹೆಬ್ಬೆರಳಿಂದ ಒತ್ತಿದರೆ ಉದುರಬೇಕು. ಈಗಲೂ ಅಳತೆಗಿಂತ ಮೊದಲು ನನ್ನ ಕೈಯನ್ನೇ ನಂಬುತ್ತೇನೆ.

37 ಡಿಗ್ರಿಯಲ್ಲಿ 48 ಗಂಟೆ ಇಟ್ಟು, ಬಫರಿನಲ್ಲಿ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ) ಕಲಕಿ, ಮಸ್ಲಿನ್ ಬಟ್ಟೆಯಲ್ಲಿ ಹಿಂಡಿದೆ. 72 ಗಂಟೆ ಬಿಟ್ಟ ಫ್ಲಾಸ್ಕುಗಳಲ್ಲಿ ಕಿಣ್ವ ಕಡಿಮೆಯೇ ಸಿಕ್ಕಿತು. ಬ್ಯಾಸಿಲಸ್ ಪ್ರೋಟೀನನ್ನು ಒಡೆಯುವ ಪ್ರೋಟೀಸನ್ನೂ ಬಿಡುತ್ತದೆ, ಅದು ಅಮೈಲೇಸನ್ನೇ ತಿನ್ನುತ್ತದೆ ಅಲ್ವಾ?

ಹಿಂಡಿದ ರಸವನ್ನು ಪಿಷ್ಟಕ್ಕೆ ಬೆರೆಸಿಟ್ಟು, ಪಿಷ್ಟ ಒಡೆದು ಬರುವ ಸಕ್ಕರೆಯನ್ನು ಬಣ್ಣದಿಂದ ತೋರಿಸುವ ಡಿಎನ್‌ಎಸ್ ದ್ರಾವಣ ಹಾಕಿ ಕುದಿಸಿದಾಗ ಹಳದಿ ಹೋಗಿ ಇಟ್ಟಿಗೆ ಬಣ್ಣ ಬಂತು. ಕುಣಿದಾಡಿಬಿಟ್ಟೆ. ಆಮೇಲೆ, ಬ್ಯಾಕ್ಟೀರಿಯಾ ಹಾಕದ ಬೂಸಾದ ರಸವನ್ನೂ ಹಾಗೇ ಪರೀಕ್ಷಿಸಿದೆ. ಅದೂ ಕೆಂಪಾಯಿತು! ಬೂಸಾದಲ್ಲೇ ಇದ್ದ ಸಕ್ಕರೆ ಅದು. ಕುದಿಸಿ ತಣಿಸಿದ ಕಿಣ್ವವನ್ನು ಬ್ಲಾಂಕ್ (ಹೋಲಿಕೆಗೆ ಇಡುವ, ಕಿಣ್ವ ಕೆಲಸ ಮಾಡದ ಮಾದರಿ) ಆಗಿಟ್ಟು, ಅದರ ಅಂಕಿಯನ್ನು ಕಳೆದ ಮೇಲೆ ನನ್ನ ಅಂಕಿ ಅರ್ಧಕ್ಕೂ ಕೆಳಗೆ ಬಂತು. ಬೇಜಾರಾಯಿತು. ಆದರೆ ಉಳಿದದ್ದು ನಿಜವಾದ ಅಮೈಲೇಸ್. ಈ ಕೆಲಸಕ್ಕೆ ಇಳಿಯುವವರು ದಯವಿಟ್ಟು ಮೊದಲ ದಿನವೇ ಬ್ಲಾಂಕ್ ಇಡಿ.

ಕೊನೆಗೆ ಅಮ್ಮನ ಹಳೆಯ ಗಂಜಿ ಹಾಕಿದ ಕಾಟನ್ ಸೀರೆಯಿಂದ ಎರಡು ಚೂರು ಕತ್ತರಿಸಿದೆ. ಒಂದನ್ನು ಬಿಸಿ ಬಫರಿನಲ್ಲಿ, ಇನ್ನೊಂದನ್ನು ಅಷ್ಟೇ ಬಿಸಿಯ ಕಿಣ್ವದಲ್ಲಿ ಅರ್ಧ ಗಂಟೆ ನೆನೆಸಿ ತೊಳೆದೆ. ಎರಡಕ್ಕೂ ಒಂದೊಂದು ಹನಿ ಅಯೋಡಿನ್ ಬಿಟ್ಟೆ. ಮೊದಲನೆಯದು ತಕ್ಷಣ ನೀಲಿಯಾಯಿತು. ಎರಡನೆಯದರಲ್ಲಿ ಹನಿ ತನ್ನ ಹಳದಿ ಬಣ್ಣದಲ್ಲೇ ಉಳಿಯಿತು.