ತುಟಿ ಕೈಕೊಟ್ಟ ಮೇಲೆ ಮತ್ತೆ ಟ್ರಂಪೆಟ್ ಊದಿದ್ದು

ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳ ನೆತ್ತಿಯ ಮೇಲೆ ಕೂರುವ ಜಿ ಸ್ವರ ಟ್ರಂಪೆಟ್‌ನಲ್ಲಿ ನನಗೆ ವರ್ಷಗಳಿಂದ ಸಲೀಸಾಗಿ ಬರುತ್ತಿತ್ತು. ಒಂದು ಸಂಜೆ ಬರಲಿಲ್ಲ. ಬರೀ ಗಾಳಿ ಹೊರಟಿತು. ತುಟಿಗೆ ಇಟ್ಟುಕೊಳ್ಳುವ ಬಟ್ಟಲಿನಂಥ ತುದಿಯನ್ನು, ಅಂದರೆ ಮೌತ್‌ಪೀಸನ್ನು, ಇನ್ನಷ್ಟು ಒತ್ತಿ ಊದಿದೆ. ಸ್ವರವೇನೋ ಬಂತು, ಆದರೆ ಮೇಲ್ತುಟಿಯ ಬಲಗಡೆ ಚುಳ್ಳೆಂದಿತು.

ಅದಕ್ಕೆ ಮೊದಲಿನ ಹತ್ತು ದಿನ, ದಿನಕ್ಕೆ ನಾಲ್ಕೈದು ಗಂಟೆ ಅಭ್ಯಾಸ ಮಾಡಿದ್ದೆ. ಮುಂದೆ ಎರಡು ಕಾರ್ಯಕ್ರಮ ಇದ್ದವು. ನೋವಿದ್ದರೂ ಎರಡರಲ್ಲೂ ಊದಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಎರಡನೆಯದು ಮುಗಿದ ಮರುದಿನ ತುಟಿ ಬಾತುಕೊಂಡಿತ್ತು. ಜೋಮು ಹಿಡಿದು, ನೀರು ಕುಡಿಯುವಾಗ ಲೋಟದ ಅಂಚು ತಾಗಿದ್ದೂ ಗೊತ್ತಾಗುತ್ತಿರಲಿಲ್ಲ. ಒಂದು ಸಪ್ತಕ ಕೆಳಗಿರುವ, ಎರಡನೇ ಗೆರೆಯ ಜಿ ಕೂಡ ನಡುಗುತ್ತಿತ್ತು.

ದಣಿವು ಬೇರೆ, ಪೆಟ್ಟು ಬೇರೆ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ದಣಿದಾಗ ಬಾಯಿಯ ಎರಡೂ ಮೂಲೆಗಳು ಮಂದವಾಗಿ ನೋಯುತ್ತವೆ. ಒಂದು ರಾತ್ರಿ ಮಲಗಿ ಎದ್ದರೆ, ಇಲ್ಲವೇ ಒಂದು ದಿನ ಬಿಟ್ಟರೆ ಸರಿಹೋಗುತ್ತದೆ. ನನ್ನ ನೋವು ಒಂದೇ ಜಾಗದಲ್ಲಿತ್ತು, ಮೌತ್‌ಪೀಸಿನ ಅಂಚು ಕೂರುವ ಕಡೆ, ಸೂಜಿ ಚುಚ್ಚಿದ ಹಾಗೆ. ಮೂರು ದಿನವಾದರೂ ಇಳಿಯಲಿಲ್ಲ. ಆಗ ವೈದ್ಯರ ಹತ್ತಿರ ಹೋದೆ.

ಬಾಯಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ, ಆರ್ಬಿಕ್ಯುಲಾರಿಸ್ ಓರಿಸ್ ಅಂತ. ತುಟಿ ಮುಚ್ಚುವುದು, ಸೀಟಿ ಹಾಕುವುದು, ಟ್ರಂಪೆಟ್ ಊದುವಾಗ ತುಟಿಯನ್ನು ಬಿಗಿ ಹಿಡಿಯುವುದು, ಎಲ್ಲದಕ್ಕೂ ಅದೇ ಬೇಕು. ಅಪರೂಪಕ್ಕೆ ಅದು ಹರಿದೇ ಹೋಗುತ್ತದೆ. ಟ್ರಂಪೆಟ್ ವಾದಕರಲ್ಲಿ ಹೀಗಾಗುವುದನ್ನು 1982ರಲ್ಲಿ ಜೈಮೆ ಪ್ಲಾನಾಸ್ ಎಂಬ ಪ್ಲಾಸ್ಟಿಕ್ ಸರ್ಜನ್ ವಿವರಿಸಿ, ಸ್ಯಾಚ್ಮೋ ಸಿಂಡ್ರೋಮ್ ಎಂದು ಕರೆದರು. ಸ್ಯಾಚ್ಮೋ ಅಂದರೆ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್. ತುಟಿಯ ಗಾಯದಿಂದ ಅವರು ವರ್ಷಗಟ್ಟಲೆ ಒದ್ದಾಡಿದವರು. ನನ್ನ ವೈದ್ಯರು ತುಟಿಯನ್ನು ಒತ್ತಿ ನೋಡಿದರು, ಸೀಟಿ ಹಾಕಿಸಿದರು. ಸ್ನಾಯು ಹರಿದಿರಲಿಲ್ಲ, ಬರೀ ಊತ. ಎರಡು ವಾರ ಟ್ರಂಪೆಟ್ ಊದಬಾರದು ಅಂದರು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಆ ಎರಡು ವಾರ ಸುಮ್ನೆ ಕೂರಲಿಲ್ಲ. ಬೆರಳುಗಳಿಂದ ವಾಲ್ವ್, ಅಂದರೆ ಸ್ವರ ಬದಲಿಸುವ ಗುಂಡಿಗಳನ್ನು, ಒತ್ತುತ್ತಾ ನಾನು ಊದಬೇಕಾದ ಭಾಗವನ್ನು ಬಾಯಲ್ಲಿ ಹಾಡಿಕೊಳ್ಳುತ್ತಿದ್ದೆ. ಉಸಿರಿನ ಅಭ್ಯಾಸ ಮಾಡುತ್ತಿದ್ದೆ. ಹಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸ್ವರ ಮೇಲೆ ಹೋದ ಹಾಗೆಲ್ಲ ನನ್ನ ಹೆಗಲು ಏರುತ್ತಿತ್ತು, ಗಂಟಲು ಬಿಗಿಯುತ್ತಿತ್ತು. ಗಾಳಿ ಬೇಕಾದಲ್ಲೇ ಅದನ್ನು ಕಟ್ಟಿಹಾಕುತ್ತಿದ್ದೆ. ಗಾಳಿ ಮಾಡಬೇಕಾದ ಕೆಲಸವನ್ನು ಇಷ್ಟು ವರ್ಷ ತುಟಿ ಮಾಡಿದೆ. ಅದಕ್ಕೇ ಸೋತಿದೆ.

ಮೂರನೇ ವಾರ ಐದು ನಿಮಿಷದಿಂದ ಶುರು ಮಾಡಿದೆ. ನಿಜವಾಗಲೂ ಐದೇ ನಿಮಿಷ, ಗಡಿಯಾರ ಎದುರಿಗೆ ಇಟ್ಟುಕೊಂಡು. ಎರಡನೇ ಗೆರೆಯ ಜಿ ಇಂದ ಕೆಳಗಿನ ಸಿ ವರೆಗೆ ಮಾತ್ರ, ಲಾಂಗ್ ಟೋನ್, ಅಂದರೆ ಒಂದೊಂದೇ ಸ್ವರವನ್ನು ಉದ್ದಕ್ಕೆ ಹಿಡಿಯುವುದು, ಆದಷ್ಟು ಮೆಲ್ಲಗೆ. ಎಷ್ಟು ಹೊತ್ತು ಊದಿದೆನೋ ಅಷ್ಟೇ ಹೊತ್ತು ವಿರಾಮ. ಮೌತ್‌ಪೀಸ್ ಇಲ್ಲದೆ ಬರೀ ತುಟಿಯನ್ನು ಅದುರಿಸಿ ಬಜ್ ಮಾಡಿ ಅಂತ ಕೆಲವರು ಹೇಳಿದರು. ಒಮ್ಮೆ ಮಾಡಿದೆ, ಅದೇ ಜಾಗ ಮತ್ತೆ ಉರಿಯಿತು, ಬಿಟ್ಟೆ. ಗಟ್ಟಿ ತುಟಿಗೆ ಅದು ಒಳ್ಳೆಯ ಅಭ್ಯಾಸ ಇರಬಹುದು. ಊತ ಇರುವ ತುಟಿಗೆ ಅಲ್ಲ.

ಒಂಬತ್ತನೇ ದಿನ ಎಲ್ಲ ಸರಿಹೋಯಿತು ಅನ್ನಿಸಿತು. ಖುಷಿಯಲ್ಲಿ ಮೇಲಿನ ಜಿ ವರೆಗೆ ಹತ್ತಿದೆ. ಮರುದಿನ ಮತ್ತೆ ಊತ. ಅವತ್ತು ಅತ್ತಿದ್ದೇನೆ. ನಾಲ್ಕು ದಿನ ಬಿಟ್ಟು ಮತ್ತೆ ಐದು ನಿಮಿಷಕ್ಕೇ ಬಂದೆ. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಸಮಯ ಹೆಚ್ಚಿಸಿದ ವಾರ ಎತ್ತರ ಹೆಚ್ಚಿಸುವುದಿಲ್ಲ, ಎತ್ತರ ಹೆಚ್ಚಿಸಿದ ವಾರ ಸಮಯ ಹೆಚ್ಚಿಸುವುದಿಲ್ಲ.

ಒತ್ತಡ ಎಲ್ಲಿಂದ ಬರುತ್ತಿದೆ ಅಂತ ಹಿಡಿದುಕೊಟ್ಟದ್ದು ನನ್ನ ಮೇಷ್ಟ್ರು. ಟ್ರಂಪೆಟ್ ಮೇಲೆ ಕಿರುಬೆರಳು ತೂರಿಸಲು ಒಂದು ಕೊಕ್ಕೆ ಇರುತ್ತದೆ. "ಬಲಗೈ ಕಿರುಬೆರಳನ್ನು ಆ ಕೊಕ್ಕೆಯಿಂದ ತೆಗೆದು ಊದು ನೋಡೋಣ" ಅಂದರು. ತೆಗೆದೆ. ಮೇಲಿನ ಜಿಗಿಂತ ಕೆಳಗೆ, ಗೆರೆಗಳ ನಡುವಿನ ಮೂರನೇ ಜಾಗದಲ್ಲಿ ಕೂರುವ ಸಿ ಕೂಡ ಒಡೆದುಹೋಯಿತು. ಅಂದರೆ ಆ ಬೆರಳಿಂದ ಟ್ರಂಪೆಟನ್ನು ತುಟಿಗೆ ಎಳೆದುಕೊಂಡೇ ನಾನು ಸ್ವರ ತೆಗೆಯುತ್ತಿದ್ದೆ. ಅವತ್ತಿನಿಂದ ಆ ಬೆರಳು ಕೊಕ್ಕೆಯ ಮೇಲೆ ಸುಮ್ಮನೆ ಕೂರುತ್ತದೆ, ಒಳಗೆ ಹೋಗುವುದಿಲ್ಲ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಊದಿದ ಮೇಲೆ ತುಟಿಯ ಮೇಲೆ ಉಳಿಯುವ ಕೆಂಪು ಉಂಗುರವೇ ನನ್ನ ಅಳತೆಗೋಲಾಯಿತು. ಮೊದಮೊದಲು ಅದು ಅರ್ಧ ಗಂಟೆ ಮಾಸುತ್ತಿರಲಿಲ್ಲ. ನಾಲ್ಕನೇ ತಿಂಗಳಿಗೆ ಐದು ನಿಮಿಷದಲ್ಲಿ ಹೋಗತೊಡಗಿತು.

ಒತ್ತದೆ ಮೇಲಕ್ಕೆ ಹೋಗುವುದು ಹೇಗೆ? ಬಾಯಿಯ ಮೂಲೆಗಳು ಗಟ್ಟಿ, ನಡುಭಾಗ ಸಡಿಲ, ಗಾಳಿಗೆ ವೇಗ. ನಾಲಿಗೆಯೂ ಸಹಾಯ ಮಾಡುತ್ತದೆ. 'ಆ' ಅಂದು ನೋಡಿ, ಆಮೇಲೆ 'ಈ' ಅಂದು ನೋಡಿ. 'ಈ' ಅನ್ನುವಾಗ ನಾಲಿಗೆ ಮೇಲೇರಿ ದಾರಿ ಕಿರಿದಾಗುತ್ತದೆ, ಗಾಳಿ ಚುರುಕಾಗುತ್ತದೆ. ಕೆಳಗಿನ ಸ್ವರಕ್ಕೆ 'ಆ', ಮೇಲಿನದಕ್ಕೆ 'ಈ'. ಇಷ್ಟನ್ನು ತುಟಿಗೆ ನೋವಾಗದಂತೆ ರೂಢಿ ಮಾಡಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು.

ಈ ನಡುವೆ ಮೌತ್‌ಪೀಸ್ ಬದಲಿಸುವ ಆಸೆ ತುಂಬಾ ಬಂತು. ಬದಲಿಸಲಿಲ್ಲ. ತುಟಿ ಬದಲಾಗುತ್ತಿರುವಾಗ ಅದನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ನೋವೇ ಇಲ್ಲದೆ ತುಟಿ ಹೇಳಿದ ಹಾಗೆ ಕೇಳದಿದ್ದರೆ, ಊದುವಾಗ ಮಾತ್ರ ಮೂಲೆಯಿಂದ ಗಾಳಿ ಸೋರಿದರೆ, ಬಾಯಿ ತಾನಾಗೇ ಎಳೆದುಕೊಂಡರೆ, ಅದು ಫೋಕಲ್ ಡಿಸ್ಟೋನಿಯಾ ಇರಬಹುದು. ಅದು ನರಗಳಿಗೆ ಸೇರಿದ್ದು. ಬರೀ ವಿಶ್ರಾಂತಿಯಿಂದ ಹೋಗುವುದಿಲ್ಲ. ನರರೋಗ ತಜ್ಞರನ್ನೇ ನೋಡಬೇಕು.

ಐದನೇ ತಿಂಗಳು ಮೇಲಿನ ಜಿ ಮತ್ತೆ ಬಂತು. ತೆಳ್ಳಗಿತ್ತು, ಆದರೆ ನೋವಿರಲಿಲ್ಲ. ಈಗ ಅಭ್ಯಾಸದ ಕೊನೆಗೆ ಐದು ನಿಮಿಷ ಕೆಳಗಿನ ಸ್ವರಗಳನ್ನು ಮೆಲ್ಲಗೆ ಊದಿ ತುಟಿ ಸಡಿಲಿಸುತ್ತೇನೆ. ಕಾರ್ಯಕ್ರಮದ ಹಿಂದಿನ ದಿನ ಅರ್ಧ ಗಂಟೆ ದಾಟುವುದಿಲ್ಲ. ತುಟಿ ಮಂದ ಅನ್ನಿಸಿದರೆ ಪಕ್ಕದವರಿಗೆ, "ಇವತ್ತು ಮೊದಲನೇ ಟ್ರಂಪೆಟ್‌ನ ಭಾಗ ನೀವು ಊದಿ, ಎರಡನೇ ಟ್ರಂಪೆಟ್‌ನದು ನಾನು ತಗೋತೀನಿ" ಅಂತ ಮೊದಲೇ ಹೇಳಿಬಿಡುತ್ತೇನೆ. ಇದುವರೆಗೆ ಯಾರೂ ಬೇಡ ಅಂದಿಲ್ಲ.