ಛತ್ರಿಯನ್ನು ದುರ್ಗದ ಕಡೆ ತಿರುಗಿಸಿ: ತಾರಸಿ ಮೇಲೆ ಫ್ರೀ ಡಿಶ್ ನೀವೇ ಕೂರಿಸುವ ಬಗೆ

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ವಾರಕ್ಕೆ ಆರು ದಿನ ಮೆಕ್ಕೆಜೋಳ, ಭತ್ತದ ಚೀಲಗಳ ಲೆಕ್ಕ. ಭಾನುವಾರ ಬಂತೆಂದರೆ ಸ್ಪ್ಯಾನರ್ ಹಿಡಿದು ಯಾರದಾದರೂ ಮನೆಯ ತಾರಸಿ ಮೇಲಿರುತ್ತೇನೆ. ನಿಟುವಳ್ಳಿಯ ನಮ್ಮ ಬೀದಿ, ನೆಂಟರ ಮನೆಗಳು ಎಲ್ಲಾ ಸೇರಿ ಇಲ್ಲಿಯವರೆಗೆ ಹದಿನೇಳು ಡಿಡಿ ಫ್ರೀ ಡಿಶ್ ಛತ್ರಿ, ಅಂದರೆ ಟಿವಿಯ ಡಿಶ್ ಆಂಟೆನಾ, ಕೂರಿಸಿದ್ದೇನೆ. ಯಾರ ಹತ್ತಿರವೂ ಕೂಲಿ ತೆಗೆದುಕೊಂಡಿಲ್ಲ. ಈಗ ಮಂಡಿನೋವು, ಏಣಿ ಹತ್ತುವುದು ಕಷ್ಟ. ಹಾಗಾಗಿ ಗೊತ್ತಿರುವುದನ್ನು ಬರೆದಿಡುತ್ತಿದ್ದೇನೆ. ಇದನ್ನು ಓದಿದವರು ತಮ್ಮ ಮನೆಯ ಛತ್ರಿ ತಾವೇ ಕೂರಿಸಿಕೊಳ್ಳಲಿ ಅನ್ನುವುದು ನನ್ನ ಆಸೆ.

ಈ ಹವ್ಯಾಸ ಹತ್ತಿದ್ದು 2018ರ ವಿಧಾನಸಭೆ ಚುನಾವಣೆ ಮುಗಿದ ಮೇಲೆ. ಆಗ ನಮ್ಮ ಮನೆಯ ಟಿವಿ ಬೆಳಗಿನಿಂದ ರಾತ್ರಿವರೆಗೆ ಕೂಗುತ್ತಿತ್ತು. ಚರ್ಚೆ ಅಂತ ಆರು ಜನ ಒಟ್ಟಿಗೆ ಅರಚುತ್ತಿದ್ದರು. ಊಟಕ್ಕೆ ಕೂತಾಗ ಅದನ್ನೇ ಹಿಡಿದು ನನಗೂ ತಮ್ಮನಿಗೂ ಜಗಳ. ಒಂದು ರಾತ್ರಿ ಅವನು ತಟ್ಟೆ ಬಿಟ್ಟು ಎದ್ದು ಹೋದ, ಎರಡು ತಿಂಗಳು ಮಾತಿಲ್ಲ. ಅವ್ವ ಒಂದೇ ಮಾತು ಅಂದಳು: "ಆ ಡಬ್ಬಿ ಮನಿಗೆ ತಂದೋರು ನೀವೇ, ಅದರಾಗೆ ಏನು ಬರಬೇಕು ಅನ್ನೋದನ್ನೂ ನೀವೇ ನೋಡ್ಕೊಳ್ರಿ." ಆ ತಿಂಗಳ ರೀಚಾರ್ಜ್ ಮಾಡಿಸಲಿಲ್ಲ. ಬದಲಿಗೆ ಪೇಟೆಗೆ ಹೋಗಿ ಒಂದು ಛತ್ರಿ, ಒಂದು ಬಾಕ್ಸ್ ತಂದೆ.

ಫ್ರೀ ಡಿಶ್ ದೂರದರ್ಶನದವರ ಉಪಗ್ರಹ ಟಿವಿ ಸೇವೆ, 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. ತಿಂಗಳ ಬಾಡಿಗೆ ಇಲ್ಲ, ಸಾಮಾನಿಗೆ ಒಂದು ಸಲ ಖರ್ಚು ಮಾಡಿದರೆ ಮುಗಿಯಿತು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಹಿಂದಿ ಚಾನೆಲ್‌ಗಳೇ ಹೆಚ್ಚು. ಖಾಸಗಿ ಕನ್ನಡ ಧಾರಾವಾಹಿ ಬಿಟ್ಟಿರಲಾರೆ ಅನ್ನುವವರಿಗೆ ಇದು ಒಗ್ಗುವುದಿಲ್ಲ. ನಮ್ಮ ಮನೆಗೆ ಬೇಕಿದ್ದದ್ದು ಚಂದನ, ಸಂಸತ್ತಿನ ಕಲಾಪ ತೋರಿಸುವ ಚಾನೆಲ್, ಒಂದೆರಡು ಹಾಡಿನ ಚಾನೆಲ್. ಅಷ್ಟೇ ಸಾಕಾಯಿತು.

ಬೇಕಾದ ಸಾಮಾನು ಇಷ್ಟು: ಎರಡಡಿ ಅಗಲದ ಛತ್ರಿ, ಅದರ ಕೋಲು ಮತ್ತು ಕಾಲು, ಛತ್ರಿ ಹಿಡಿದ ಸಿಗ್ನಲ್ ಅನ್ನು ಕೇಬಲ್ಲಿಗೆ ಕಳಿಸುವ ಸಣ್ಣ ಡಬ್ಬಿಯಾದ ಎಲ್‌ಎನ್‌ಬಿ, ಎಂಪೆಗ್-4 ಬಾಕ್ಸ್, ಆರ್‌ಜಿ-6 ಕೇಬಲ್, ಅದರ ತುದಿಗೆ ಎರಡು ಎಫ್ ಕನೆಕ್ಟರ್, ನಾಲ್ಕು ಆಂಕರ್ ಬೋಲ್ಟ್. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಕೆಲವು ಚಾನೆಲ್ ಅದರಲ್ಲಿ ಬರುವುದಿಲ್ಲ. ಕೇಬಲ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ನಡುವೆ ಗಂಟು ಹಾಕಿ ಜೋಡಿಸಿದ ಕೇಬಲ್ ಮೊದಲ ಮಳೆಗೇ ನೀರು ಕುಡಿಯುತ್ತದೆ. ತಾರಸಿಯಿಂದ ಟಿವಿವರೆಗೆ ಹಗ್ಗದಲ್ಲಿ ಅಳೆದು, ಎರಡು ಮೀಟರ್ ಹೆಚ್ಚಿಗೆ, ಒಂದೇ ತುಂಡು ತನ್ನಿ.

ಇನ್ನು ದಿಕ್ಕು. ಹೆಚ್ಚಿನವರು ಸೋಲುವುದು ಇಲ್ಲೇ. ಸಿಗ್ನಲ್ ಕಳಿಸುವುದು ಜಿಸ್ಯಾಟ್-15 ಎಂಬ ಉಪಗ್ರಹ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ್ದು. ಸಮಭಾಜಕದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದೂ ಸುತ್ತುವುದರಿಂದ ನಮಗೆ ಅದು ಒಂದೇ ಕಡೆ ನಿಂತಂತೆ. ಹಾಗಾಗಿ ಛತ್ರಿಯನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಮತ್ತೆ ಅಲುಗಿಸಬೇಕಿಲ್ಲ.

ದಾವಣಗೆರೆಯಿಂದ ಅದು ಕಾಣುವುದು ಆಗ್ನೇಯಕ್ಕೆ. ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ ಸುಮಾರು 128 ಡಿಗ್ರಿ. ದಿಕ್ಸೂಚಿ ಇಲ್ಲದವರಿಗೆ ನಾನು ಹೇಳಿಕೊಡುವುದು ಹೀಗೆ: ತಾರಸಿ ಮೇಲೆ ನಿಂತು ಚಿತ್ರದುರ್ಗ ಯಾವ ಕಡೆ ಇದೆಯೋ ನೇರ ಆ ಕಡೆ ಮುಖ ಮಾಡಿ, ಆಮೇಲೆ ಬಲಕ್ಕೆ ಹತ್ತು ಡಿಗ್ರಿ ಸರಿಯಿರಿ. ತೋಳು ಚಾಚಿ ಮುಷ್ಟಿ ಕಟ್ಟಿದರೆ ಒಂದು ಮುಷ್ಟಿಯ ಅಗಲ ಹೆಚ್ಚೂಕಮ್ಮಿ ಹತ್ತು ಡಿಗ್ರಿ. ಫೋನಿನ ದಿಕ್ಸೂಚಿ ನೋಡುವವರು ಕಬ್ಬಿಣದ ಕೋಲು, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಇವುಗಳಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ, ಇಲ್ಲದಿದ್ದರೆ ಮುಳ್ಳು ಸುಳ್ಳು ತೋರಿಸುತ್ತದೆ. ಬೀದಿಯಲ್ಲಿ ಯಾರ ಮನೆ ಮೇಲಾದರೂ ಸನ್ ಡೈರೆಕ್ಟ್ ಛತ್ರಿ ಇದ್ದರೆ ಅದೂ ಹೆಚ್ಚೂಕಮ್ಮಿ ಇದೇ ದಿಕ್ಕಿಗಿರುತ್ತದೆ. ಬೇರೆ ಕಂಪನಿಯ ಛತ್ರಿ ನೋಡಿ ತಿರುಗಿಸಬೇಡಿ.

ನೆಲಮಟ್ಟದಿಂದ ಮೇಲಕ್ಕೆ ಎತ್ತರ ಸುಮಾರು 63 ಡಿಗ್ರಿ. ನೆನಪಿಗೆ ಸುಲಭದ ಲೆಕ್ಕ ಒಂದಿದೆ: ಒಂದು ಅಡಿ ಆಚೆ, ಎರಡು ಅಡಿ ಮೇಲೆ. ಆ ದಿಕ್ಕಿಗೆ ಹತ್ತು ಅಡಿ ದೂರದಲ್ಲಿ ತೆಂಗಿನಮರವಿದ್ದರೆ ಅದರ ಗರಿ ನಿಮ್ಮ ಛತ್ರಿಗಿಂತ ಇಪ್ಪತ್ತು ಅಡಿ ಮೇಲೆ ಹೋಗಬಾರದು. ಹೋದರೆ ಜಾಗ ಬದಲಿಸಿ. ಮರದ ಹಸಿ ಎಲೆ ಈ ಸಿಗ್ನಲ್ ಅನ್ನು ನುಂಗಿಬಿಡುತ್ತದೆ.

ಸೂರ್ಯನನ್ನು ಕೇಳುವ ಇನ್ನೊಂದು ದಾರಿಯೂ ಉಂಟು. ಮಾರ್ಚ್ ನಡುವಿನಲ್ಲಿ ಬೆಳಗ್ಗೆ ಹನ್ನೊಂದೂಕಾಲರ ಸುಮಾರಿಗೆ, ಸೆಪ್ಟೆಂಬರ್ ಕೊನೆಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ನಮ್ಮೂರಿನಿಂದ ನೋಡಿದರೆ ಸೂರ್ಯ ಈ ಉಪಗ್ರಹದ ಬೆನ್ನಿಗೇ ಬಂದು ನಿಲ್ಲುತ್ತಾನೆ. ಆ ಹೊತ್ತಿಗೆ ಛತ್ರಿ ಕೂರಿಸುವ ಜಾಗದಲ್ಲಿ ಬಿಸಿಲು ಬಿದ್ದಿದ್ದರೆ ದಾರಿಯಲ್ಲಿ ಅಡ್ಡಿ ಇಲ್ಲ. ನೆರಳಿದ್ದರೆ ಇದೆ. ಸೂರ್ಯನನ್ನು ನೋಡಬೇಡಿ, ನೆಲದ ನೆರಳನ್ನು ನೋಡಿ. ಆ ಕೆಲವು ದಿನ ಅದೇ ವೇಳೆಗೆ ಐದಾರು ನಿಮಿಷ ಚಿತ್ರ ಒಡೆಯುತ್ತದೆ, ಬಾಕ್ಸ್ ಕೆಟ್ಟಿತೆಂದು ಹೆದರಬೇಡಿ. ಈ ಲೆಕ್ಕ ನನ್ನ ಕೈಗೆ ಹತ್ತಿದ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಕಾಣದಿರುವ ಒಂದು ವಸ್ತು ಆಕಾಶದಲ್ಲಿ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಲು ಬಂದಿತ್ತು.

ಕೋಲು ನೆಟ್ಟಗಿರಬೇಕು. ಗಾರೆ ಮೇಸ್ತ್ರಿಯ ತೂಗುಗುಂಡು ಇಳಿಬಿಟ್ಟು ಎರಡು ಕಡೆಯಿಂದ ನೋಡಿ. ರಸಮಟ್ಟ ಇದ್ದರೆ ಇನ್ನೂ ಒಳ್ಳೆಯದು. ಕೋಲು ವಾಲಿದ್ದರೆ ಛತ್ರಿಯನ್ನು ಪಕ್ಕಕ್ಕೆ ತಿರುಗಿಸಿದಾಗಲೆಲ್ಲ ಎತ್ತರವೂ ಬದಲಾಗುತ್ತದೆ, ಆಮೇಲೆ ಸಂಜೆಯಾದರೂ ಚಿತ್ರ ಬರುವುದಿಲ್ಲ.

ನಾನು ಮೊದಲ ಸಲ ಅರ್ಧ ದಿನ ಕಳೆದುಕೊಂಡದ್ದು ಬೇರೆ ಕಾರಣಕ್ಕೆ. ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ, ಛತ್ರಿಯ ಮುಖವನ್ನು ಸರಿಯಾಗಿ 63 ಡಿಗ್ರಿಗೆ ಎತ್ತಿದೆ. ಏನೂ ಬರಲಿಲ್ಲ. ಈ ಛತ್ರಿಗಳ ಎಲ್‌ಎನ್‌ಬಿ ನಡುವಿನಲ್ಲಿ ಇರುವುದಿಲ್ಲ, ಕೆಳಗಿನ ಅಂಚಿನಿಂದ ಚಾಚಿದ ಕೈಯ ತುದಿಯಲ್ಲಿರುತ್ತದೆ. ಹಾಗಾಗಿ ಛತ್ರಿ ತನ್ನ ಮುಖ ಕಾಣುವ ಕಡೆಗಿಂತ ಸುಮಾರು 20ರಿಂದ 25 ಡಿಗ್ರಿ ಮೇಲೆ ನೋಡುತ್ತಿರುತ್ತದೆ. ಅಂದರೆ ಮುಖವನ್ನು 40 ಡಿಗ್ರಿಯ ಆಸುಪಾಸಿಗೆ ಎತ್ತಿದರೆ ಸಾಕು. ಬ್ರಾಕೆಟ್ ಮೇಲೆ ಗೆರೆಗಳು ಅಚ್ಚಾಗಿದ್ದರೆ ಆ ಲೆಕ್ಕ ಅದರಲ್ಲೇ ಸೇರಿರುತ್ತದೆ, ಅಲ್ಲಿ 63ಕ್ಕೇ ಇಡಿ.

ಇನ್ನು ಇಬ್ಬರು ಬೇಕು. ಒಬ್ಬರು ಮೇಲೆ, ಒಬ್ಬರು ಟಿವಿ ಮುಂದೆ. ಬಾಕ್ಸ್ ಆಫ್ ಇರುವಾಗಲೇ ಕೇಬಲ್ ಹಾಕಿ, ಏಕೆಂದರೆ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಅದೇ ತಂತಿಯಲ್ಲಿ. ಆಮೇಲೆ ಮೆನುವಿನಲ್ಲಿ ಸಿಗ್ನಲ್ ಪುಟ ತೆಗೆದರೆ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಏರಿದ್ದಕ್ಕೆ ಕುಣಿಯಬೇಡಿ. ಬರೀ ತಂತಿ ಕೂಡಿದರೂ ಅದು ಏರುತ್ತದೆ. ಪಕ್ಕದಲ್ಲೇ, 95 ಡಿಗ್ರಿಯಲ್ಲಿ, ಇನ್ನೊಂದು ಉಪಗ್ರಹವಿದೆ. ಅದಕ್ಕೆ ಗುರಿಯಿಟ್ಟರೂ ಏರುತ್ತದೆ. ಕ್ವಾಲಿಟಿ ಏರಿದರೆ ಮಾತ್ರ ನಮ್ಮದು ಸಿಕ್ಕಿತೆಂದು ಅರ್ಥ.

ನಟ್ಟನ್ನು ಅರ್ಧ ಬಿಗಿ ಮಾಡಿಕೊಂಡು ಛತ್ರಿಯನ್ನು ಎಡದಿಂದ ಬಲಕ್ಕೆ ನಿಧಾನ ಸರಿಸಿ. ಎಷ್ಟು ನಿಧಾನ ಅಂದರೆ, ಎರಡಡಿ ಛತ್ರಿಯ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ ಆಗಿಹೋಯಿತು. ಆ ಒಂದು ಡಿಗ್ರಿ ಉಪಗ್ರಹದ ಎತ್ತರದಲ್ಲಿ 600 ಕಿ.ಮೀ.ಗೂ ಹೆಚ್ಚು. ಸರಿಸಿ, ಮೂರು ಎಣಿಸಿ, ಕೆಳಗಿನವರನ್ನು ಕೇಳಿ. ಬಾಕ್ಸ್ ಅರ್ಥ ಮಾಡಿಕೊಳ್ಳಲು ಅಷ್ಟು ಹೊತ್ತು ಬೇಕು. ಒಂದು ಸುತ್ತು ಸಿಗಲಿಲ್ಲವೋ, ಒಂದು ಡಿಗ್ರಿ ಮೇಲೆತ್ತಿ ಮತ್ತೊಂದು ಸುತ್ತು. ನಮ್ಮ ಮನೆಯಲ್ಲಿ ಕೆಳಗೆ ಕೂತಿದ್ದವನು ಮಾತು ಬಿಟ್ಟಿದ್ದ ತಮ್ಮನೇ. ಬೇರೆ ಯಾರೂ ಇರಲಿಲ್ಲ. "ಇಲ್ಲ... ಇಲ್ಲ... ಇಲ್ಲ..." ಅನ್ನುತ್ತಿದ್ದವನು ಒಮ್ಮೆಲೇ "ಅಣ್ಣಾ, ಬಂತು! ನಿಲ್ಸು, ಅಲ್ಲೇ ನಿಲ್ಸು!" ಅಂದ. ಎರಡು ತಿಂಗಳ ಮೇಲೆ ಅವನ ಬಾಯಲ್ಲಿ ಅಣ್ಣ ಅನ್ನುವ ಮಾತು ಕೇಳಿದ್ದು ಅವತ್ತೇ.

ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ, ಇನ್ನೂ ಏರಿದ ಕಡೆ ನಿಲ್ಲಿಸಿ. ನಟ್ಟುಗಳನ್ನು ಒಂದಾದ ಮೇಲೊಂದು ಅಲ್ಪ ಅಲ್ಪವಾಗಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಛತ್ರಿ ಸರಿಯುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಜೋಲು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾದರೆ ಬಾಕ್ಸಿನ ಪ್ಲಗ್ ಮತ್ತು ಛತ್ರಿಯ ಕೇಬಲ್ ಎರಡನ್ನೂ ಕಿತ್ತಿಡಿ. ಜೋರು ಮಳೆಯಲ್ಲಿ ಚಿತ್ರ ಹೋಗುವುದು ಸಹಜ, ಮಳೆ ನಿಂತರೆ ಬರುತ್ತದೆ.

ಚಾನೆಲ್ ಹುಡುಕುವುದು ಬಾಕ್ಸಿನ ಕೆಲಸ. ಫ್ರೀ ಡಿಶ್‌ನ ಖಾಸಗಿ ಚಾನೆಲ್‌ಗಳ ಜಾಗವನ್ನು ಹರಾಜು ಹಾಕುತ್ತಾರೆ, ಪಟ್ಟಿ ಬದಲಾಗುತ್ತಿರುತ್ತದೆ. ಆಗಾಗ ಮತ್ತೆ ಹುಡುಕಿಸಿ.

ಹುಡುಕಿದ ಮೇಲೆ ಮಾಡುವುದನ್ನು ಮಾತ್ರ ಮರೆಯಬೇಡಿ. ಮನೆಯವರೆಲ್ಲ ಕೂತು ಬೇಡದ್ದನ್ನು ಅಳಿಸಿ, ಬೇಕಾದ್ದನ್ನು ಮೇಲೆ ತನ್ನಿ. ನಮ್ಮಲ್ಲಿ ಮೊದಲು ಚಂದನ. 2002ರಲ್ಲಿ ಶುರುವಾದ ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಬಂದರೆ ಅವ್ವನೇ ಎಲ್ಲರಿಗಿಂತ ಮುಂಚೆ ಉತ್ತರ ಹೇಳುವುದು, ಪುರಾಣದ ಪ್ರಶ್ನೆಯಾದರಂತೂ ನಾವು ಬಾಯಿ ತೆರೆಯುವಂತಿಲ್ಲ. ಆಮೇಲೆ ಸಂಸದ್ ಟಿವಿ. ಲೋಕಸಭೆ, ರಾಜ್ಯಸಭೆಯ ಎರಡು ಚಾನೆಲ್‌ಗಳನ್ನು ಸೇರಿಸಿ 2021ರ ಸೆಪ್ಟೆಂಬರ್‌ನಲ್ಲಿ ಮಾಡಿದ್ದು. ಮೊದಮೊದಲು ನಿದ್ದೆ ಬರುತ್ತದೆ. ಆದರೂ ನಿಮ್ಮ ಊರಿಗೆ ಸಂಬಂಧಿಸಿದ ವಿಷಯ ಬರುವ ದಿನ ಕೂತು ನೋಡಿ.

ನಾನು ನೋಡಿದ್ದು 2023ರ ಫೆಬ್ರುವರಿ 1ರ ಬಜೆಟ್. ಅಂಗಡಿಯಲ್ಲಿ ನಾನೇ ಕೂರಿಸಿದ ಛತ್ರಿ ಇತ್ತು, ಸಾಹುಕಾರ್ರು ಟಿವಿ ಹಾಕಿಸಿದರು. ನಮ್ಮ ಸೀಮೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೇಂದ್ರದ ನೆರವು ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಓದಿದರು. ಸೂಕ್ಷ್ಮ ನೀರಾವರಿಗೆ, ಕುಡಿಯುವ ನೀರಿಗಾಗಿ ಕೆರೆ ತುಂಬಿಸಲು ಎಂದೂ ಹೇಳಿದರು. ಸಂಜೆಗೆ ನನ್ನ ಫೋನಿಗೆ ಎರಡು ಸಂದೇಶ. ಒಂದರಲ್ಲಿ ದುಡ್ಡು ಬಂದೇಬಿಟ್ಟಿತು, ಇನ್ನೊಂದರಲ್ಲಿ ಬಜೆಟ್ಟಿನಲ್ಲಿ ನಮ್ಮ ಹೆಸರೇ ಇಲ್ಲ. ಎರಡರ ತಲೆಯ ಮೇಲೂ ಜೋಡಿ ಬಾಣದ ಗುರುತು. ಆ ಗುರುತಿದ್ದರೆ ಸಂದೇಶ ಐದು ಇಲ್ಲವೆ ಅದಕ್ಕೂ ಹೆಚ್ಚು ಕೈ ದಾಟಿ ಬಂದಿದೆ ಎಂದು ಅರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಇಲ್ಲವೆ ಒಂದು ಗುಂಪಿಗೆ ಮಾತ್ರ ಕಳಿಸಲು ವಾಟ್ಸಾಪ್ ಬಿಡುವುದು. ಘೋಷಣೆ ಮಾಡಿದ್ದು ನಿಜ, ಘೋಷಣೆಯಾದ ದಿನವೇ ದುಡ್ಡು ಕೈಗೆ ಬರುವುದಿಲ್ಲ ಅನ್ನುವುದೂ ನಿಜ. ಲೆಕ್ಕ ಬರೆಯುವವನಿಗೆ ಉದ್ರಿಗೂ ನಗದಿಗೂ ಇರುವ ವ್ಯತ್ಯಾಸ ಗೊತ್ತಿಲ್ಲದಿರುತ್ತದೆಯೇ? ತಮ್ಮನಿಗೂ ನನಗೂ ಈಗಲೂ ಪಕ್ಷ ಬೇರೆ. ಆದರೆ ಅವತ್ತು ರಾತ್ರಿ ಇಬ್ಬರೂ ಭಾಷಣದ ಆ ವಾಕ್ಯವನ್ನೇ ಮುಂದಿಟ್ಟುಕೊಂಡು ವಾದ ಮಾಡಿದೆವು. ಊಟ ಮುಗಿಯುವವರೆಗೂ ಯಾರೂ ಎದ್ದು ಹೋಗಲಿಲ್ಲ.

ವರ್ಷಕ್ಕೊಮ್ಮೆ, ಆಷಾಢದ ಗಾಳಿ ಬರುವ ಮುಂಚೆ, ನಟ್ಟು ಬಿಗಿ ನೋಡಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಲ್ಲಿಸಿದ್ದಾರೆಂದರೆ ಈ ಸೀಮೆಯ ಗಾಳಿ ಎಂಥದ್ದು ತಿಳಿಯಿರಿ. ಎಲ್‌ಎನ್‌ಬಿಯ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಬರುವ ಭಾನುವಾರ ಭರಮಸಾಗರದಲ್ಲಿ ಅಕ್ಕನ ಮನೆಗೆ ಹದಿನೆಂಟನೆಯದು. ಈ ಸಲ ಏಣಿ ಹತ್ತುವುದು ಅಕ್ಕನ ಮಗ. ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಇಸ್ರೋದವರು 2023ರಲ್ಲೂ 2024ರಲ್ಲೂ ರೆಕ್ಕೆಯ ನೌಕೆಯನ್ನು ತಾನಾಗಿ ಇಳಿಸಿದ ಪ್ರಯೋಗಗಳನ್ನು ಅವನು ದಿನಾಂಕದ ಸಮೇತ ಹೇಳುತ್ತಾನೆ. ತಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ನಡೆದದ್ದು ಅಂತ ಅವನಿಗೆ ಹೆಮ್ಮೆ. ಕೋನಮಾಪಕಕ್ಕೆ ದಾರ ಕಟ್ಟಿ ಇಟ್ಟುಕೊಂಡಿರು ಎಂದು ಅವನಿಗೆ ಈಗಾಗಲೇ ಹೇಳಿದ್ದೇನೆ. ನಾನು ಕೆಳಗೆ ಟಿವಿ ಮುಂದೆ ಕೂತು ಕ್ವಾಲಿಟಿ ಓದುತ್ತೇನೆ.