ಕಂಪನಿ ಹೆಸರು ಬಿಡಿ, ಕೊನೆಯ ಎರಡು ಕಾಲಂ ನೋಡಿ

ಯಾವ ಕಂಪನಿ ಗಾಡಿ ತಗೊಳ್ಳಲಿ ಅಂತ ಕೇಳಿಕೊಂಡು ಬಂದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಡಾಂಬರು ರಸ್ತೆ ಬಿಟ್ಟ ಮೇಲೆ ನಿಮ್ಮ ಮನೆಗೆ ಎಷ್ಟು ದೂರ ಒಳಗೆ ಹೋಗಬೇಕು? ಅರ್ಧ ಜನಕ್ಕೆ ಈ ಪ್ರಶ್ನೆ ಇಷ್ಟವಾಗುವುದಿಲ್ಲ. ಅವರಿಗೆ ಬೇಕಾದ್ದು ಒಂದು ಹೆಸರು. ಮಾರುತಿಯೋ, ಟೊಯೋಟಾವೋ, ಮಹೀಂದ್ರಾವೋ, ಒಂದು ಹೇಳಿಬಿಟ್ಟರೆ ಮುಗೀತು.

ಕೊಡಗಿನ ಗೋಣಿಕೊಪ್ಪದ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜು. ಎಲ್ಲ ಕಂಪನಿ ಗಾಡಿಯೂ ಬರುತ್ತದೆ. ಕೆಲಸ ಮುಗಿಯುವವರೆಗೆ ಮಾಲೀಕರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ನಾಲ್ಕು ಜನ ಸೇರಿದರೆ ಮೊದಲು ಕಾಫಿ ರೇಟು, ಆಮೇಲೆ ಆನೆ ಕಾಟ, ಆಮೇಲೆ ಗಾಡಿ. ರಿಟೈರ್ಡ್ ಕರ್ನಲ್ ಸಾಹೇಬರೊಬ್ಬರು ಮಾರುತಿ ಜಿಪ್ಸಿ ಬಿಟ್ಟರೆ ಬೇರೆ ಯಾವುದನ್ನೂ ಗಾಡಿ ಅಂತಲೇ ಒಪ್ಪುವುದಿಲ್ಲ. ಸೈನ್ಯ ಇಟ್ಟುಕೊಂಡಿದ್ದೇ ಅವರಿಗೆ ಸರ್ಟಿಫಿಕೇಟು. 2023ರಲ್ಲಿ ಅದೇ ಮಾರುತಿಯ ಜಿಮ್ನಿ ಬಂದಾಗ ಬಾನೆಟ್ ಎತ್ತಿಸಿ ನೋಡಿ, ‘ಪರವಾಗಿಲ್ಲ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಹಳೇ ಜೀಪ್ ಓಡಿಸಿ ಬೆಳೆದವರು ಮಹೀಂದ್ರಾ ಬಿಡುವುದಿಲ್ಲ. ಬಾಡಿಗೆ ಓಡಿಸುವವರಿಗೆ ಇನ್ನೋವಾ ಮೇಲೆ ಒಂದು ಮಾತು ಆಡುವ ಹಾಗಿಲ್ಲ. ಬೆಂಗಳೂರಿಂದ ರಜೆಗೆ ಬಂದ ಮಕ್ಕಳು ಫೋನ್ ತೆಗೆದು ಅಮೆರಿಕದ ಜೆ.ಡಿ. ಪವರ್ ಅನ್ನುವ ಸರ್ವೆ ಕಂಪನಿಯ ಪಟ್ಟಿ ತೋರಿಸುತ್ತಾರೆ, ನೋಡಿ ಲೆಕ್ಸಸ್ ಮೇಲಿದೆ ಅಂತ.

ಆ ಪಟ್ಟಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಮೂರು ವರ್ಷ ಹಳೆಯ ಗಾಡಿಗಳ ಮಾಲೀಕರನ್ನೇ ಕೇಳಿ, 100 ಗಾಡಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕುತ್ತಾರೆ. ಆದರೆ ಆ ಲೆಕ್ಕದಲ್ಲಿ ಫೋನು ಗಾಡಿಗೆ ಕನೆಕ್ಟ್ ಆಗದಿದ್ದರೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋದರೂ ಒಂದು ತೊಂದರೆ. ಜುಲೈ ತಿಂಗಳ ಮಳೆಯಲ್ಲಿ ರಾತ್ರಿ ಎಂಟು ಗಂಟೆಗೆ ಬ್ಲೂಟೂತ್ ಕೆಲಸ ಮಾಡ್ತಿಲ್ಲ ಅಂತ ಯಾರೂ ನನಗೆ ಫೋನ್ ಮಾಡಿದ್ದಿಲ್ಲ.

ಈ ಜಗಳ ಕೇಳಿ ಕೇಳಿಯೇ ಒಂದು ಪುಸ್ತಕ ಶುರು ಮಾಡಿದೆ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ಉದ್ದ ಪುಸ್ತಕ ಇರುತ್ತದಲ್ಲ, ಅಂಥದ್ದೇ. ಗಾಡಿ ನಂಬರು, ಮಾಡೆಲ್, ಓಡಿದ ಕಿಲೋಮೀಟರು, ಏನು ಹೋಯಿತು. ಇಷ್ಟನ್ನು ಎಲ್ಲ ಗ್ಯಾರೇಜಿನವರೂ ಬರೆದಿಡುತ್ತಾರೆ. ನಾನು ಕೊನೆಗೆ ಇನ್ನೆರಡು ಕಾಲಂ ಗೆರೆ ಹಾಕಿದೆ. ಪಾರ್ಟು ಎಲ್ಲಿಂದ ಬಂತು, ಗಾಡಿ ಎಷ್ಟು ದಿನ ನಿಂತಿತು.

ಮೊದಲು ಕಂಪನಿ ಪ್ರಕಾರ ಕೂಡಿಸಿ ನೋಡಿದೆ. ಏನೂ ಗೊತ್ತಾಗಲಿಲ್ಲ. ಊರಲ್ಲಿ ಯಾವ ಕಂಪನಿಯದು ಜಾಸ್ತಿ ಇದೆಯೋ ಅದೇ ಜಾಸ್ತಿ ಕೆಟ್ಟ ಹಾಗೆ ಕಾಣುತ್ತದೆ, ಅಷ್ಟೇ. ಆಮೇಲೆ ತಿಂಗಳ ಪ್ರಕಾರ ನೋಡಿದೆ. ಆಗ ಪುಸ್ತಕ ಮಾತಾಡಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಕೇಸುಗಳು ಯಾವ ಕಂಪನಿಯಾದರೂ ಒಂದೇ. ವೀಲ್ ಬೇರಿಂಗಿಗೆ ನೀರು ಹೋಗಿ ಸದ್ದು. ಆಕ್ಸಲ್ ಬೂಟ್ ಹರಿದು ಒಳಗೆ ಕೆಸರು. ನೆನೆದ ಗಾಡಿಯನ್ನು ಹ್ಯಾಂಡ್‌ಬ್ರೇಕ್ ಎಳೆದು ಕೆಲವು ದಿನ ಬಿಟ್ಟರೆ ಹಿಂದಿನ ಡ್ರಮ್ಮಿನಲ್ಲಿ ಬ್ರೇಕ್ ಶೂ ಅಂಟಿಕೊಳ್ಳುತ್ತದೆ, ಸುತ್ತಿಗೆ ತಗೊಂಡು ಹೊರಗಿಂದ ತಟ್ಟಿ ಬಿಡಿಸಬೇಕು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಬೇಡ, ಗೇರಿಗೆ ಹಾಕಿ ಚಕ್ರಕ್ಕೊಂದು ಕಲ್ಲು ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಇನ್ನು ಇಲಿ. ಮಳೆ ಹಿಡಿದರೆ ಅದಕ್ಕೂ ಬೆಚ್ಚಗಿನ ಜಾಗ ಬೇಕು, ಇಂಜಿನ್ ಮೇಲೆ ಬಂದು ಕೂರುತ್ತದೆ, ವೈರ್ ಕಡಿಯುತ್ತದೆ. ಹೊಗೆಸೊಪ್ಪು ಇಡುವವರಿದ್ದಾರೆ. ನನ್ನ ಪ್ರಕಾರ ರಾತ್ರಿ ಬಾನೆಟ್ ಎತ್ತಿಟ್ಟು ಶೆಡ್ಡಿನಲ್ಲಿ ಒಂದು ಲೈಟ್ ಹಾಕಿಡುವುದೇ ವಾಸಿ. ಯಾವ ದೇಶದ ಕಂಪನಿಯ ವೈರು ಅಂತ ಇಲಿ ನೋಡುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಆಗ ಕ್ಲಚ್ಚು, ಸ್ಪ್ರಿಂಗ್ ಪಟ್ಟಾ, ಇಂಜಿನ್ ಬಿಸಿಯಾಗುವುದು. ಮೂಟೆ ಹೊರಿಸುವುದಕ್ಕೆ ಮಾಡದ ಗಾಡಿಗೂ ಮೂಟೆ ಹೊರಿಸುತ್ತಾರೆ. ಏಪ್ರಿಲ್, ಮೇ ಬಂತೆಂದರೆ ಟೂರಿಸ್ಟ್ ಗಾಡಿಗಳ ಬ್ರೇಕು. ಮಾಕುಟ್ಟ ಘಾಟಿಯಲ್ಲಿ ಟಾಪ್ ಗೇರಿನಲ್ಲಿ ಬ್ರೇಕ್ ತುಳಿದುಕೊಂಡೇ ಇಳಿಯುತ್ತಾರೆ, ಚಕ್ರದಿಂದ ಹೊಗೆ ಬಂದ ಮೇಲೆ ಕಂಪನಿಗೆ ಬಯ್ಯುತ್ತಾರೆ.

ಕ್ಲಚ್ ವಿಷಯದಲ್ಲಿ ಒಂದು ಕೇಸು ಹೇಳಲೇಬೇಕು. ಕಂಪನಿ ಹೆಸರು ಬರೆಯುವುದಿಲ್ಲ, ಇಬ್ಬರೂ ನನ್ನ ಗಿರಾಕಿಗಳು. ಬಾಳೆಲೆ ಕಡೆಯ ಅಣ್ಣ ತಮ್ಮ. ಒಂದೇ ವರ್ಷ ಒಂದೇ ಮಾಡೆಲ್ ತಗೊಂಡರು, ಬಣ್ಣ ಮಾತ್ರ ಬೇರೆ. ತಮ್ಮನ ಪ್ರಕಾರ ಅದರಂಥ ಗಾಡಿ ಇನ್ನೊಂದಿಲ್ಲ. ಅಣ್ಣನ ಪ್ರಕಾರ ಅದು ಡಬ್ಬ. ಮದುವೆ ಮನೆಯಲ್ಲೂ ಇದೇ ವಾದ ಅಂತೆ. ಅಣ್ಣನ ಗಾಡಿಯ ಕ್ಲಚ್ ಪದೇ ಪದೇ ಹೋಗುತ್ತಿತ್ತು. ಗೇರ್‌ಬಾಕ್ಸ್ ಇಳಿಸಿದರೆ ಕ್ಲಚ್ ಪ್ಲೇಟ್ ಸವೆದು ರಿವೆಟ್ ಮೇಲೆ ಬಂದಿರುತ್ತಿತ್ತು, ಪ್ರೆಶರ್ ಪ್ಲೇಟಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಆ ನೀಲಿ ಬರುವುದು ವಿಪರೀತ ಬಿಸಿಗೆ. ಮಾಲು ಸರಿಯಿಲ್ಲದೆ ಬರುವುದಲ್ಲ.

‘ಅಣ್ಣ, ಒಂದ್ಸಲ ನಿಮ್ಮ ಜೊತೆ ಮನೆವರೆಗೂ ಬರ್ತೀನಿ’ ಅಂದೆ. ಹೋದೆ. ಟಾರು ಬಿಟ್ಟು ತೋಟದೊಳಗೆ ತಿರುಗಿದ ಕೂಡಲೇ ಏರು. ಏರಿನ ಸರಿ ನಡುಮಧ್ಯದಲ್ಲಿ ಗೇಟು. ಅವರು ಹಾರನ್ ಹೊಡೆದು, ಗೇಟ್ ತೆಗೆಯುವ ಹುಡುಗ ಕೆಲಸದವರ ಲೈನ್ ಮನೆಯಿಂದ ಓಡಿ ಬರುವವರೆಗೆ ಕ್ಲಚ್ ಪೆಡಲನ್ನು ಅರ್ಧ ಮಾತ್ರ ಬಿಟ್ಟು, ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲೇ ಹಿಡಿದು ನಿಂತರು. ಬ್ರೇಕ್ ತುಳಿಯಲಿಲ್ಲ. ಗಾಡಿಯೊಳಗೆ ಆಗಲೇ ಸುಟ್ಟ ವಾಸನೆ. ದಿನಕ್ಕೆ ನಾಲ್ಕು ಸಲ ಹೋಗಿ ಬಂದರೆ ನಾಲ್ಕು ಸಲವೂ ಹೀಗೇ. ತಮ್ಮನ ಮನೆ ಗೋಣಿಕೊಪ್ಪದಲ್ಲಿ ಮೇನ್ ರೋಡಿನ ಪಕ್ಕ. ಇಬ್ಬರೂ ಗಾಡಿ ಬಗ್ಗೆ ಹೇಳುತ್ತಿದ್ದದ್ದು ನಿಜವೇ. ಗೇಟಿನ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ. ‘ಗೇಟನ್ನು ಕೆಳಗೆ ಸಮತಟ್ಟಿಗೆ ತನ್ನಿ’ ಅಂದೆ. ‘ಅಜ್ಜನ ಕಾಲದ ಗೇಟು ಮಾರಾಯ, ಅದು ಅಲ್ಲೇ ಇರಲಿ’ ಅಂದರು.

ಹೆಸರಿನ ಮೇಲೆ ಜಗಳ ಆಡುವವರಿಗೆ ಇನ್ನೊಂದು ವಿಷಯ ಕೇಳುತ್ತೇನೆ. ಬಾನೆಟ್ ಒಳಗಿರುವುದು ಯಾರದು? ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಇಂಜಿನ್ ಸ್ವಿಫ್ಟ್‌ನಲ್ಲಿತ್ತು, ಟಾಟಾ ವಿಸ್ಟಾದಲ್ಲಿತ್ತು, ಫಿಯೆಟ್ ಪುಂಟೊದಲ್ಲಂತೂ ಇದ್ದೇ ಇತ್ತು. 1248 ಸಿ.ಸಿ., ಟೈಮಿಂಗ್ ಚೈನು. ಒಂದೇ ಇಂಜಿನ್ನನ್ನು ಒಂದು ಹೆಸರಿದ್ದಾಗ ನಂಬಿದರು, ಇನ್ನೊಂದು ಹೆಸರಿದ್ದಾಗ ಅನುಮಾನಪಟ್ಟರು. ಈಗಲೂ ಅದೇ ಕಥೆ. ಗ್ಲಾಂಜಾ ಮೇಲೆ ಟೊಯೋಟಾ ಬ್ಯಾಡ್ಜ್ ಇದ್ದರೂ ಅದು ಮಾರುತಿಯ ಬಲೆನೋ. ಗ್ರ್ಯಾಂಡ್ ವಿಟಾರಾ ಮೇಲೆ ಸುಜುಕಿ ಬ್ಯಾಡ್ಜ್, ತಯಾರಾಗಿದ್ದು ಟೊಯೋಟಾದ ಬಿಡದಿ ಫ್ಯಾಕ್ಟರಿಯಲ್ಲಿ. ವಾರಂಟಿ, ಸರ್ವಿಸ್ ಬೇರೆ ಇರಬಹುದು, ಅದನ್ನು ನೋಡಿ ತಗೊಳ್ಳಿ. ‘ಜಪಾನ್ ಗಾಡಿ, ಕಣ್ಣು ಮುಚ್ಚಿ ತಗೋ’ ಅನ್ನುವುದು ಬೇಡ. ಸ್ಟಾರ್ ವಿಷಯವೂ ಹಾಗೇ. 2018ರಲ್ಲಿ ಟಾಟಾ ನೆಕ್ಸಾನ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟಿತು. ಒಳ್ಳೇದೇ. ಅದು ಡಿಕ್ಕಿಯಾದರೆ ಒಳಗಿರುವವರ ಕಥೆ ಏನು ಅನ್ನುವ ಪರೀಕ್ಷೆ. ಹತ್ತು ವರ್ಷ ಓಡುತ್ತದಾ ಅನ್ನುವುದಕ್ಕೂ ಆ ಸ್ಟಾರಿಗೂ ಸಂಬಂಧವಿಲ್ಲ.

ಕೊನೆಯ ಎರಡು ಕಾಲಂಗೆ ಬರೋಣ. ಗೋಣಿಕೊಪ್ಪದಲ್ಲೇ ಸಿಗುವ ಪಾರ್ಟಾದರೆ ಗಾಡಿ ಸಂಜೆಗೆ ಮನೆಗೆ. ಮೈಸೂರಿಂದ ತರಿಸಬೇಕಾದರೆ ಅಂಗಡಿಯವರು ಬಸ್ಸಿಗೆ ಹಾಕುತ್ತಾರೆ, ಹುಣಸೂರು, ತಿತಿಮತಿ ದಾಟಿ ಸುಮಾರು 90 ಕಿಲೋಮೀಟರು, ಮಾರನೇ ದಿನ ಕೆಲಸ. ಬೆಂಗಳೂರಿಂದ ಆರ್ಡರ್ ಹಾಕಬೇಕಾದ ಪಾರ್ಟಾದರೆ ಗಾಡಿ ಶೆಡ್ಡಿನಲ್ಲಿ ಪಾಚಿ ಹಿಡಿಯುತ್ತದೆ. ನನ್ನ ಪುಸ್ತಕದಲ್ಲಿ ವರ್ಷಕ್ಕೆ ಮೂರು ಸಲ ಕೆಟ್ಟ ಹಳೇ ಗಾಡಿಗಳಿವೆ, ಪ್ರತಿ ಸಲವೂ ಅದೇ ದಿನ ರಿಪೇರಿಯಾಗಿ ಮನೆಗೆ ಹೋಗಿವೆ. ಅವುಗಳ ಮಾಲೀಕರು ನಮ್ಮ ಗಾಡಿ ಕೆಡುವುದೇ ಇಲ್ಲ ಅನ್ನುತ್ತಾರೆ. ಒಂದೇ ಸಲ ಕೆಟ್ಟು ತಿಂಗಳುಗಟ್ಟಲೆ ನಿಂತ ದುಬಾರಿ ಗಾಡಿಯೂ ಇದೆ. ಅದರ ಮಾಲೀಕರು ಈಗ ಬೆಂಚಿನ ಮೇಲೆ ಕೂತಾಗ ವಾದಕ್ಕೆ ಬರುವುದಿಲ್ಲ. 2021ರಲ್ಲಿ ಫೋರ್ಡ್ ನಮ್ಮ ದೇಶದಲ್ಲಿ ಗಾಡಿ ಮಾಡುವುದು ನಿಲ್ಲಿಸುತ್ತೇವೆ ಅಂದಾಗ ಇಟ್ಟುಕೊಂಡವರೆಲ್ಲ ಗಾಬರಿಯಾದರು. ಇಂಜಿನ್ ರಾತ್ರೋರಾತ್ರಿ ಬದಲಾಗಿತ್ತಾ? ಇಲ್ಲ. ನಾಳೆ ಪಾರ್ಟು ಸಿಗುತ್ತದಾ ಅನ್ನುವ ಭಯ. ‘ರಿಲಯಬಲ್’ ಅಂತ ನಮ್ಮ ಕಡೆ ಜನ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಭಯವೇ ಇರುತ್ತದೆ.

ಈಗಿನ ಡೀಸೆಲ್ ಗಾಡಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಕೊಡಗಿನವರಿಗೆ ಬೇರೆಯವರಿಗಿಂತ ಜಾಸ್ತಿ ಮುಖ್ಯ. 2020ರ ಏಪ್ರಿಲ್‌ನಿಂದ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮ ಬಂತು. ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಕೂತಿತು. ಅಡುಗೆಮನೆ ಚಿಮಣಿಯ ಹಾಗೆ ಅದರಲ್ಲಿ ಮಸಿ ಕಟ್ಟುತ್ತದೆ. ಗಾಡಿ ಒಂದೇ ಸ್ಪೀಡಿನಲ್ಲಿ ಸ್ವಲ್ಪ ಹೊತ್ತು ಓಡಿದರೆ ಫಿಲ್ಟರ್ ಕಾದು ಮಸಿ ಸುಟ್ಟುಹೋಗುತ್ತದೆ. ಮಂಡ್ಯ ಕಡೆ ಹೈವೇಯಲ್ಲಿ ಓಡಾಡುವವರಿಗೆ ಇದು ಗೊತ್ತೂ ಆಗುವುದಿಲ್ಲ. ನಮ್ಮಲ್ಲಿ? ಮನೆಯಿಂದ ಕಣಕ್ಕೆ, ಕಣದಿಂದ ಅಂಗಡಿಗೆ, ಎಲ್ಲ ಸೆಕೆಂಡ್ ಗೇರು. ಮಸಿ ಸುಡಲು ಶುರುವಾಗುವ ಹೊತ್ತಿಗೆ ಮನೆ ಬಂದು ಇಂಜಿನ್ ಆಫ್. ಮತ್ತೆ ನಾಳೆ ಅದೇ. ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಮಸಿ ಸುಡಲು ಹೆಚ್ಚಿಗೆ ಹಾಕಿದ ಡೀಸೆಲ್ ಸ್ವಲ್ಪ ಸ್ವಲ್ಪ ಇಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗುರುತನ್ನೂ ದಾಟಿದ್ದರೆ, ಬೆರಳಿಗೆ ತೆಗೆದು ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಇದೇ ಕಥೆ. ಆಯಿಲ್ ಹೆಚ್ಚಿದೆ, ಒಳ್ಳೇದೇ ಅಲ್ವಾ ಅಂದವರೂ ಇದ್ದಾರೆ!

ಡಿಪಿಎಫ್ ಲೈಟ್ ಬಂದ ಕೂಡಲೇ ನಾನು ಸ್ಪ್ಯಾನರ್ ಎತ್ತುವುದಿಲ್ಲ. ‘ಹುಣಸೂರು ದಾಟಿ ಒಂದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ ಬನ್ನಿ, ಆಮೇಲೆ ನೋಡೋಣ’ ಅನ್ನುತ್ತೇನೆ. ಈ ಕಡೆ ಆನೆಚೌಕೂರು ಕಾಡು, ಅಲ್ಲಿ ಸ್ಪೀಡ್ ಹೋಗುವ ಹಾಗಿಲ್ಲ, ಹೋಗಲೂಬಾರದು. ಲೈಟ್ ಆರಿದರೆ ಆಯಿಲ್ ಬದಲಾಯಿಸಿ ಕಳಿಸುತ್ತೇನೆ. ವಾರಗಟ್ಟಲೆ ಲೈಟ್ ಉರಿಸಿಕೊಂಡೇ ಓಡಿಸಿದವರಿಗೆ ಮಾತ್ರ ಸ್ಕ್ಯಾನರ್ ಹಾಕಬೇಕು. ತೋಟ ಬಿಟ್ಟು ಹೊರಗೆ ಹೋಗುವುದೇ ಅಪರೂಪ ಅನ್ನುವವರಿಗೆ ಹೊಸ ಡೀಸೆಲ್ ಬೇಡ, ಪೆಟ್ರೋಲ್ ತಗೊಳ್ಳಿ ಅಂತ ನೇರವಾಗಿ ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರಿಗೆ ಡೀಸೆಲ್ ಸದ್ದೇ ಬೇಕು.

ಸೆಕೆಂಡ್ ಹ್ಯಾಂಡ್ ನೋಡಲು ನನ್ನನ್ನು ಕರೆದುಕೊಂಡು ಹೋಗುವವರು ಬಹಳ. ಅಲ್ಲೂ ನಾನು ಹೆಸರು ಕೊನೆಗೆ ನೋಡುತ್ತೇನೆ. ಮೊದಲ ಕೆಲಸ, ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆ ಎಳೆಯುವುದು. ನೆರೆಯಲ್ಲಿ ಮುಳುಗಿದ ಗಾಡಿಗೆ ಎಷ್ಟೇ ಪಾಲಿಶ್ ಹೊಡೆದರೂ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2018ರಲ್ಲಿ ಕೇರಳದಲ್ಲೂ ನಮ್ಮಲ್ಲೂ ಆದದ್ದು ನೋಡಿದ ಮೇಲೆ ಇದನ್ನು ಬಿಟ್ಟಿಲ್ಲ. ಆಮೇಲೆ ಕಾರ್ಪೆಟ್ ಎತ್ತಿ ಫ್ಲೋರಿಗೆ ಹೆಬ್ಬೆರಳು ಒತ್ತುವುದು. ಮೆತ್ತಗೆ ಸಿಕ್ಕರೆ ವಾಪಸ್. ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ನಾಳೆ ಬರ್ತೀವಿ ಅಂತ ಎದ್ದುಬಿಡುತ್ತೇನೆ. ಕೊನೆಗೆ ಒಂದು ಏರಿನಲ್ಲಿ ರಿವರ್ಸ್ ಹತ್ತಿಸುವುದು. ಕ್ಲಚ್ಚಿನ ಬಂಡವಾಳ ಅಲ್ಲಿ ಬಯಲು.

ಇಷ್ಟೆಲ್ಲ ಹೇಳಿದರೂ ಹೆಸರು ಬೇಕು ಅನ್ನುವವರಿಗೆ ನನ್ನ ಅಭಿಪ್ರಾಯ ಇದೆ. ತೋಟದ ಒಳಗೇ ಕೆಲಸ ಅಂದರೆ ಬೊಲೆರೋ ಥರದ್ದು, ಗಟ್ಟಿ ಚಾಸಿ, ಹಿಂದಿನ ಚಕ್ರಕ್ಕೆ ಪವರ್, ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಕೈ ಹಾಕಬಹುದು. ಪೇಟೆಯಲ್ಲೇ ಮನೆ, ತಿಂಗಳಿಗೆರಡು ಸಲ ಮೈಸೂರು ಅಂದರೆ ರಸ್ತೆಯಲ್ಲಿ ಜಾಸ್ತಿ ಕಾಣುವ ಯಾವುದಾದರೂ ಸಣ್ಣ ಪೆಟ್ರೋಲ್ ಕಾರು. ಮನೆ ತುಂಬ ಜನ, ದೂರ ಪ್ರಯಾಣ ಅಂದರೆ ಇನ್ನೋವಾ, ಅದರಲ್ಲಿ ಬಾಡಿಗೆಯವರ ಮಾತೇ ನನ್ನದೂ.

ಬಾಳೆಲೆಯ ಅಣ್ಣ ಈಗ ಎಲೆಕ್ಟ್ರಿಕ್ ಗಾಡಿ ನೋಡುತ್ತಿದ್ದಾರೆ. ಕ್ಲಚ್ಚೇ ಇಲ್ಲವಲ್ಲ, ಗೇಟಿನ ಹತ್ತಿರ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು ಅಂತ. ಅದು ಸರಿಯೇ. ‘ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಬರೋದು ಯಾವಾಗ ಅಣ್ಣ?’ ಅಂದೆ. ಬ್ಯಾಟರಿ ತಳದಲ್ಲೇ ಇರುತ್ತದೆ, ಆ ದಾರಿಯ ಕಲ್ಲುಗಳನ್ನೂ ನೆನಪು ಮಾಡಿದೆ. ಈ ಮಳೆ ಕಳೆಯಲಿ, ಆಮೇಲೆ ನೋಡೋಣ ಅಂದಿದ್ದಾರೆ. ಸದ್ಯಕ್ಕೆ ಹಳೇ ಗಾಡಿಗೆ ಇನ್ನೊಂದು ಕ್ಲಚ್ ಸೆಟ್ ಹೇಳಿದ್ದೇನೆ, ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತದೆ.